ಪದ ಪರಿಚಯ: ನ್ಯೂಟ್ರಲ್

ಗಂಗಾವತಿಯಲ್ಲಿ ನಮ್ಮ ಕಾಕಾ ಹೊಸ ಮನೆ ಕಟ್ಟಿಸಿದ್ದಾರೆ. ಮೊಬೈಲಿನಿಂದ ಲೈಟ್ ಹಾಕಿ ತೆಗೆಯುವ ಸ್ಮಾರ್ಟ್ ಸ್ವಿಚ್, ತಾನೇ ಏರಿ ಇಳಿಯುವ ಕಿಟಕಿ ಪರದೆ, ಎಲ್ಲಾ ಬೇಕು ಅವರಿಗೆ. ಸ್ಮಾರ್ಟ್ ಸ್ವಿಚ್‌ಗೆ ನ್ಯೂಟ್ರಲ್ ತಂತಿ ಬೇಕು. ಮೆಟ್ಟಿಲ ಹತ್ತಿರದ ಸ್ವಿಚ್ ಬೋರ್ಡ್ ಬಿಚ್ಚಿಸಿ, ಇದರಲ್ಲಿ ನ್ಯೂಟ್ರಲ್ ಇದೆಯಾ ಅಂತ ಕೇಳಿದೆ. ವೈರಿಂಗ್ ಮಾಡಿದವರು ಹೇಳಿದ್ದು: "ನ್ಯೂಟ್ರಲ್ ಇಲ್ರಿ ಸರ. ಅದಕ್ಯಾಕ ಚಿಂತಿ ಮಾಡ್ತೀರಿ? ಅರ್ಥಿಂಗ್ ಐತಲ್ರಿ, ಅದಕ್ಕ ಕೊಟ್ಟಬಿಡ್ತೀನಿ. ಎರಡೂ ಒಂದ ಅಲ್ಲೇನ್ರಿ?"

ಅಲ್ಲ. ಈ ಮಾತನ್ನು ಇದೇ ವರ್ಷ ಮೂರು ಕಡೆ ಕೇಳಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೈಕನ್ನು ನ್ಯೂಟ್ರಲ್‌ಗೆ ಹಾಕೋದು ನಿಮಗೆ ಗೊತ್ತು. ಹೊಲದ ಬದುವಿನ ಜಗಳಕ್ಕೆ ಪಂಚಾಯ್ತಿ ಕರೆದಾಗ "ನಾ ನ್ಯೂಟ್ರಲ್ ಅದೀನ್ರಿ" ಅನ್ನೋದೂ ಗೊತ್ತು. ಗೊಂದಲ ಶುರುವಾಗೋದು ಅಲ್ಲಿಂದಲೇ. ಎರಡೂ ಕಡೆ ನ್ಯೂಟ್ರಲ್ ಅಂದರೆ ಏನೂ ಮಾಡದೆ ಸುಮ್ನೆ ಇರೋದು. ಮನೆಯ ನ್ಯೂಟ್ರಲ್ ತಂತಿ ಮಾತ್ರ ಸುಮ್ನೆ ಇರಲ್ಲ.

ಪದದ ಮೂಲ ಲ್ಯಾಟಿನ್. 'ನೆ' ಅಂದರೆ ಅಲ್ಲ, 'ಉಟರ್' ಅಂದರೆ ಎರಡರಲ್ಲಿ ಯಾವುದೋ ಒಂದು. ಸೇರಿಸಿದರೆ 'ನ್ಯೂಟರ್', ಇದೂ ಅಲ್ಲ ಅದೂ ಅಲ್ಲ. ಲ್ಯಾಟಿನ್ ವ್ಯಾಕರಣದಲ್ಲಿ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಪದಗಳಿಗೆ ಇದೇ ಹೆಸರು. ನಾವು ಶಾಲೆಯಲ್ಲಿ ಉರುಹೊಡೆದ ನಪುಂಸಕ ಲಿಂಗ. ಗಮನಿಸಿ, ಈ ಪದದಲ್ಲಿ ಕೆಲಸ ಇಲ್ಲದಿರುವುದು ಅನ್ನೋ ಅರ್ಥ ಎಲ್ಲೂ ಇಲ್ಲ. ಎರಡು ಪಕ್ಷಕ್ಕೂ ಸೇರಿಲ್ಲ, ಅಷ್ಟೇ.

ಕನ್ನಡದಲ್ಲಿ ಇದಕ್ಕೆ ತಟಸ್ಥ ಅಂದೆವು. ಪದ ಚೆಂದವಾಗಿದೆ, ಆದರೆ ದಾರಿ ತಪ್ಪಿಸಿದ್ದೂ ಅದೇ ಅಂತ ನನ್ನ ಅನುಮಾನ. ತಟ ಅಂದರೆ ದಂಡೆ, ದಂಡೆಯ ಮೇಲೆ ನಿಂತವನು ತಟಸ್ಥ. ಮುನಿರಾಬಾದಿನಲ್ಲಿ ಡ್ಯಾಮಿನ ಗೇಟು ಎತ್ತಿದ ದಿನ ತುಂಗಭದ್ರೆಯ ದಂಡೆಗೆ ನಿಂತು ನೀರು ನೋಡುತ್ತಾರಲ್ಲ, ಅವರೆಲ್ಲಾ ತಟಸ್ಥರು. ಅವರ ಕಾಲು ಒದ್ದೆಯಾಗಲ್ಲ. ನಮ್ಮ ಮನೆಯ ನ್ಯೂಟ್ರಲ್ ತಂತಿ ದಂಡೆಯ ಮೇಲಿಲ್ಲ, ನೀರಿನಲ್ಲೇ ಇದೆ. ಕರೆಂಟು ತರುವ ಫೇಸ್ ತಂತಿಯಲ್ಲಿ 5 ಆಂಪಿಯರ್ ಬಂದರೆ ನ್ಯೂಟ್ರಲ್‌ನಲ್ಲಿ ಅದೇ 5 ಆಂಪಿಯರ್ ವಾಪಸ್ ಹೋಗುತ್ತದೆ.

ಹಾಗಾದರೆ ಆ ಹೆಸರು ಯಾಕೆ? ಓಣಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ. ಅದರೊಳಗೆ ಮೂರು ಫೇಸ್‌ಗಳ ಸುರುಳಿ ಇವೆ. ಮೂರರ ಒಂದೊಂದು ತುದಿ ನಡುವೆ ಒಂದು ಕಡೆ ಸೇರುತ್ತದೆ. ಆ ನಡುವಿನ ಗಂಟು ಆರ್ ಫೇಸೂ ಅಲ್ಲ, ವೈ ಫೇಸೂ ಅಲ್ಲ, ಬಿ ಫೇಸೂ ಅಲ್ಲ. ಹೆಸರು ಅಲ್ಲಿ ಸರಿಹೊಂದುತ್ತದೆ. ಮೂರು ಫೇಸಿನ ಲೋಡು ಸರಿಸಮ ಇದ್ದರೆ ಮೂರೂ ಒಂದನ್ನೊಂದು ಹೊಡೆದುಹಾಕಿ, ಗಂಟಿನಿಂದ ಹೊರಟ ತಂತಿಯಲ್ಲಿ ಕರೆಂಟು ಸೊನ್ನೆಯಾಗುತ್ತದೆ. ಅದು ನಿಜವಾದ ತಟಸ್ಥ. ಆದರೆ ಸಾಧಾರಣ ಮನೆಗೆ ಬರೋದು ಒಂದೇ ಫೇಸ್. ಹೊಡೆದುಹಾಕೋಕೆ ಉಳಿದೆರಡು ಇಲ್ಲ. ಹೆಸರು ಮಾತ್ರ ಕಂಬದಿಂದ ಇಳಿದು ಮನೆಯೊಳಗೆ ಬಂತು.

ಆ ಗಂಟಿನ ತಂತಿ ಕಡಿದರೆ ಏನಾಗುತ್ತದೆ ಅನ್ನೋದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿದೆ, ಬೇರೆ ಹೆಸರಿನಲ್ಲಿ. ಗಾಳಿ ಮಳೆ ಬಂದ ರಾತ್ರಿ ಒಂದು ಮನೆಯ ಬಲ್ಬು ಧಗ್ಗನೆ ಉರಿಯುತ್ತದೆ, ಪಕ್ಕದ ಮನೆಯದು ಮಂಕಾಗುತ್ತದೆ, ಬೆಳಿಗ್ಗೆ ನಾಲ್ಕು ಟಿವಿ ರಿಪೇರಿಗೆ ಬರುತ್ತವೆ. "ಹೈ ವೋಲ್ಟೇಜ್ ಬಂತು" ಅಂತೀವಿ. ಎಷ್ಟೋ ಸಲ ಬಂದದ್ದು ಏನೂ ಇಲ್ಲ, ಹೋದದ್ದು ನ್ಯೂಟ್ರಲ್. ಅದಿಲ್ಲದೆ ಎರಡು ಮನೆಗಳು ಎರಡು ಫೇಸಿನ ನಡುವೆ ಜೋತುಬೀಳುತ್ತವೆ. ಎರಡು ಫೇಸಿನ ನಡುವೆ 230 ಇರಲ್ಲ, ಸುಮಾರು 400 ವೋಲ್ಟ್ ಇರುತ್ತದೆ. ಲೋಡು ಕಡಿಮೆ ಇರೋ ಮನೆಗೆ ಅದರಲ್ಲಿ ದೊಡ್ಡ ಪಾಲು.

ಈಗ ಅರ್ಥಿಂಗ್. ವೈರಿಂಗ್‌ನವರ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ಒಪ್ಪಬೇಕು. ಟ್ರಾನ್ಸ್‌ಫಾರ್ಮರ್ ಹತ್ತಿರ ಆ ಗಂಟನ್ನು ಭೂಮಿಗೂ ಜೋಡಿಸಿರುತ್ತಾರೆ. ಹಾಗಾಗಿ ಟೆಸ್ಟರ್ ಇಟ್ಟರೆ ನ್ಯೂಟ್ರಲ್‌ನ ಕಪ್ಪು ತಂತಿಯಲ್ಲೂ ಉರಿಯಲ್ಲ, ಅರ್ಥಿಂಗ್‌ನ ಹಸಿರು ತಂತಿಯಲ್ಲೂ ಉರಿಯಲ್ಲ. ಅವರು ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ ಟೆಸ್ಟ್ ಬಲ್ಬ್ ತಂದಿದ್ದರು. ಒಂದು ವೈರ್ ಫೇಸ್‌ಗೆ, ಇನ್ನೊಂದು ಹಸಿರಿಗೆ ಮುಟ್ಟಿಸಿದರು. ಬಲ್ಬು ಹತ್ತಿದ ಅರೆಕ್ಷಣಕ್ಕೆ ಕೆಳಗಿನ ಡಿಬಿಯಲ್ಲಿ, ಅಂದರೆ ಮನೆಯ ಮೇನ್ ಸ್ವಿಚ್‌ಗಳ ಡಬ್ಬಿಯಲ್ಲಿ, ಟಪ್ ಅಂತ ಶಬ್ದ ಬಂತು, ಮನೆಯೆಲ್ಲಾ ಕತ್ತಲೆ. "ನೋಡ್ರಿ, ಹತ್ತಿತಲ್ರಿ" ಅಂದರು. ಟಪ್ ಅಂದದ್ದು ಅವರ ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಕಡೆ ಏರ್ ಕೂಲರ್ ಇಲ್ಲದ ಮನೆ ಕಡಿಮೆ. ಕೂಲರಿನ ಪಂಪು ತಳದ ನೀರನ್ನು ಮೇಲಕ್ಕೆ ಎತ್ತುತ್ತದೆ, ನೀರು ಹುಲ್ಲಿನ ಪ್ಯಾಡಿನಲ್ಲಿ ಇಳಿದು ಮತ್ತೆ ತಳಕ್ಕೆ ಬರುತ್ತದೆ. ಏರುವ ಪೈಪು ಫೇಸ್, ಇಳಿದು ಬರುವ ದಾರಿ ನ್ಯೂಟ್ರಲ್. ಆವಿಯಾಗಿ ಹೋಗೋದನ್ನ ಈ ಲೆಕ್ಕಕ್ಕೆ ಬಿಡಿ. ಟಬ್ಬಿನ ಬದಿಯಲ್ಲಿ ಒಂದು ತೂತು ಇರುತ್ತದಲ್ಲ, ನೀರು ಜಾಸ್ತಿಯಾದರೆ ಹೊರಗೆ ಹೋಗೋಕೆ? ಅರ್ಥಿಂಗ್ ಅಂದರೆ ಅದು. ಎಲ್ಲಾ ಸರಿ ಇರುವಾಗ ಅದು ಒಣಗಿರಬೇಕು. ದಂಡೆಯ ಮೇಲೆ ನಿಂತ ತಟಸ್ಥ ಬೇಕೇಬೇಕು ಅಂದರೆ ಅದು ಹಸಿರು ತಂತಿ, ಕಪ್ಪು ತಂತಿ ಅಲ್ಲ.

ಕೆಳಗೆ ಟಪ್ ಅಂದದ್ದು ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ತೂಗುತ್ತಾ ಇರುತ್ತದೆ. ಮನೆಗೆ ಹಾಕುವಂಥದ್ದು 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಬೀಳಲೇಬೇಕು, 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಮೋಸ ಇರೋದು ಇಲ್ಲೇ. ಸ್ಮಾರ್ಟ್ ಸ್ವಿಚ್ ತನ್ನ ಹೊಟ್ಟೆಗೆ ತಿನ್ನೋದು ಕೆಲವೇ ಮಿಲಿ ಆಂಪಿಯರ್. ಹಸಿರಿಗೆ ಕೊಟ್ಟರೂ ಮೊದಲ ಸ್ವಿಚ್ ಚೆನ್ನಾಗೇ ಕೆಲಸ ಮಾಡುತ್ತದೆ. ಐದಾರು ಹಾಕಿದ ಮೇಲೆ ಸುಮ್ಸುಮ್ನೆ ಆರ್‌ಸಿಸಿಬಿ ಬೀಳೋಕೆ ಶುರು. ಆಗ ಕೆಲವರು ಆರ್‌ಸಿಸಿಬಿಯನ್ನೇ ತೆಗೆಸುತ್ತಾರೆ. ಇನ್ನು ನಮ್ಮ ಬೇಸಿಗೆ ನೋಡಿ. ಉಪ್ಪು ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗೆ ಯಾರೂ ನೀರು ಹಾಕದಿದ್ದರೆ ಏಪ್ರಿಲ್‌ಗೆ ಮಣ್ಣು ಒಣಗಿ ಬಿರಿಯುತ್ತದೆ. ಭೂಮಿಗೆ ಇಳಿಯೋಕೆ ದಾರಿ ಸಿಗದ ಕರೆಂಟು ಅದೇ ಹಸಿರು ತಂತಿ ಹಿಡಿದು ಫ್ರಿಜ್ಜಿನ ಬಾಗಿಲಿಗೆ, ಗೀಸರಿನ ಮೈಗೆ ಬರುತ್ತದೆ. ಒದ್ದೆ ಕೈಯಲ್ಲಿ ಜುಂ ಅನ್ನೋದು ಅದೇ.

ಮಾಮೂಲಿ ಸ್ವಿಚ್‌ಗೆ ನ್ಯೂಟ್ರಲ್ ಬೇಡ. ಅದು ಫೇಸ್ ತಂತಿಗೆ ಹಾಕಿದ ಬಾಗಿಲು, ತೆಗೆದರೆ ತೆಗೆಯಿತು, ಮುಚ್ಚಿದರೆ ಮುಚ್ಚಿತು. ಸ್ಮಾರ್ಟ್ ಸ್ವಿಚ್ ಹಾಗಲ್ಲ, ಲೈಟು ಆರಿದ್ದಾಗಲೂ ಮೊಬೈಲ್ ಏನು ಹೇಳುತ್ತದೆ ಅಂತ ಕಿವಿಕೊಟ್ಟಿರಬೇಕು. ಅದಕ್ಕೆ ಸದಾ ಕರೆಂಟು ಬೇಕು, ಬಂದ ಕರೆಂಟಿಗೆ ವಾಪಸ್ ದಾರಿ ಬೇಕು. ಅಂಗಡಿಯವರು "ನ್ಯೂಟ್ರಲ್ ಇದೆಯಾ" ಅಂದರೆ ಮನೆಯಲ್ಲಿ ಇದೆಯಾ ಅಂತಲ್ಲ, ಆ ಡಬ್ಬಿಯೊಳಗೆ ಇದೆಯಾ ಅಂತ. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ಇರುತ್ತದೆ. ಬರೀ ಸ್ವಿಚ್ ಇರುವ ಮೆಟ್ಟಿಲಿನ ಬೋರ್ಡು, ಮಂಚದ ಪಕ್ಕದ ಟೂ ವೇ ಸ್ವಿಚ್ (ಒಂದೇ ಲೈಟನ್ನು ಎರಡು ಕಡೆಯಿಂದ ಹಾಕುವಂಥದ್ದು), ಇಲ್ಲೆಲ್ಲಾ ಸಾಮಾನ್ಯವಾಗಿ ಇರಲ್ಲ. ಇನ್ನೊಂದು, ಯಾವ ಲೈನಿನ ಫೇಸ್ ಹಿಡಿದಿದ್ದೀರೋ ಅದೇ ಲೈನಿನ ನ್ಯೂಟ್ರಲ್ ಹಿಡಿಯಬೇಕು. ಇನ್ವರ್ಟರ್ ಲೈನಿನ ಫೇಸು, ಮೇನ್ ಲೈನಿನ ನ್ಯೂಟ್ರಲ್ ಅಂತ ಕಲಬೆರಕೆ ಮಾಡಿದರೆ ಮತ್ತೆ ಅದೇ ಟಪ್.

'ನೋ ನ್ಯೂಟ್ರಲ್' ಅಂತ ಡಬ್ಬಿ ಮೇಲೆ ಬರೆದ ಸ್ವಿಚ್‌ಗಳೂ ಸಿಗುತ್ತವೆ. ವಾಪಸ್ ದಾರಿಯೇ ಬೇಡ ಅಂತ ಅದರ ಅರ್ಥ ಅಲ್ಲ. ಅದು ಬಲ್ಬಿನ ಮೂಲಕವೇ ಚೂರು ಕರೆಂಟು ಕದ್ದು ಹೋಗಲು ಬಿಟ್ಟು ಬದುಕುತ್ತದೆ. ಹಳೇ 60 ವ್ಯಾಟ್ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. 9 ವ್ಯಾಟಿನ ಎಲ್‌ಇಡಿ ಆಫ್ ಮಾಡಿದರೂ ರಾತ್ರಿಯಿಡೀ ಮಿಣಮಿಣ ಅನ್ನಬಹುದು. ಬಲ್ಬಿನ ಹತ್ತಿರ ಒಂದು ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಹಳೇ ಮನೆಗೆ ಇದು ಸರಿ. ಗೋಡೆ ಇನ್ನೂ ಪ್ಲಾಸ್ಟರ್ ಆಗದ ಮನೆಗೆ ಇದನ್ನು ಕೊಳ್ಳೋದು ನನ್ನ ಪ್ರಕಾರ ಸೋಮಾರಿತನ.

ಪರದೆಯ ಮೋಟರಿನ ವಿಷಯ ಚಿಕ್ಕದು. ಮೇನ್ ಕರೆಂಟಿನ ಮೋಟರಿಗೆ ನಾಲ್ಕು ತಂತಿ: ನ್ಯೂಟ್ರಲ್ ಒಂದು, ಅರ್ಥ್ ಒಂದು, ಮೇಲೆ ಹೋಗೋಕೆ ಒಂದು, ಕೆಳಗೆ ಬರೋಕೆ ಒಂದು. ಕೊನೆಯ ಎರಡಕ್ಕೂ ಒಟ್ಟಿಗೆ ಫೇಸ್ ಕೊಟ್ಟರೆ ಮೋಟರ್ ಸುಡಬಹುದು. ಆದ್ದರಿಂದ ಲೈಟಿನ ಸ್ವಿಚ್ ಎರಡು ಜೋಡಿಸಿ ಕೆಲಸ ಸಾಗಿಸಬೇಡಿ, ಪರದೆಗೆ ಅಂತಲೇ ಬರುವ ಸ್ವಿಚ್ ತನ್ನಿ. ಅದರಲ್ಲಿ ಒಂದು ಒತ್ತಿದಾಗ ಇನ್ನೊಂದು ಹತ್ತಲ್ಲ. ಕಿಟಕಿ ಮೇಲೆ ವೈರ್ ಬಿಟ್ಟಿರದಿದ್ದರೆ ಚಾರ್ಜ್ ಮಾಡುವ ಬ್ಯಾಟರಿ ಮೋಟರ್ ತಂದರಾಯಿತು, ಆಗ ನ್ಯೂಟ್ರಲ್ ಪ್ರಶ್ನೆಯೇ ಇಲ್ಲ. ಕಾಕಾ ಅವರ ಪಡುವಣ ಕಿಟಕಿಗೆ ಅದನ್ನೇ ಹೇಳಿದೆ. ಗಾಜಿನ ಒಳಗಿನ ಪರದೆ ಬೆಳಕು ತಡೆದಷ್ಟು ಸೆಕೆ ತಡೆಯಲ್ಲ, ಬಿಸಿಲು ಆಗಲೇ ಗಾಜು ದಾಟಿರುತ್ತದೆ, ಹೊರಗೊಂದು ಚಪ್ಪರ ಹಾಕಿಸಿ ಅಂತಲೂ ಹೇಳಿದೆ. ಅದು ಅವರ ಕಿವಿಗೆ ಬೀಳಲಿಲ್ಲ.

ಮೆಟ್ಟಿಲ ಬೋರ್ಡಿಗೆ ಕೊನೆಗೆ ಹಾಲ್‌ನ ಪ್ಲಗ್ ಬೋರ್ಡಿನಿಂದ ಪೈಪಿನೊಳಗೆ ಬೇರೆ ತಂತಿ ಎಳೆಯೋದು ಅಂತಾಯಿತು, ಎರಡೂ ಒಂದೇ ಲೈನು. ಸ್ಪ್ರಿಂಗ್ ಹಾಕಿ ಎಳೆದೂ ಆಯಿತು. ನೋಡಿದರೆ ಹೊರಗೆ ಬಂದದ್ದು ಹಸಿರು ತಂತಿ.

"ಕರಿ ವೈರ್ ಮುಗದೈತ್ರಿ ಸರ. ಇದನ್ನ ನ್ಯೂಟ್ರಲ್ ಮಾಡಿದ್ರಾತು, ಬಣ್ಣ ಯಾವ್ದಾದ್ರೇನ್ರಿ?"

ಕಾಕಾ ನನ್ನ ಮುಖ ನೋಡಿದರು. ನಾನು ಅವರ ಬೈಕಿನ ಕೀ ತೆಗೆದುಕೊಂಡು ಅಂಗಡಿಗೆ ಹೋಗಿ ಹತ್ತು ಮೀಟರ್ ಕರಿ ವೈರ್ ತಂದೆ.