ವಿಪತ್ತಿನಲ್ಲಿ ಎತ್ತಿಕೊಂಡ ಅನ್ನ: ಕಳವೋ, ಸಾಲವೋ?

1946ರ ಡಿಸೆಂಬರ್ 31. ಬಾಂಬು ಬಿದ್ದು ಬಹುಪಾಲು ನೆಲಸಮವಾಗಿದ್ದ ಜರ್ಮನಿಯ ಕೊಲೋನ್ ನಗರದಲ್ಲಿ ಕೊರೆಯುವ ಚಳಿ. ಒಲೆಗೆ ಹಾಕಲು ಕಲ್ಲಿದ್ದಲಿಲ್ಲ. ಜನ ಗೂಡ್ಸ್ ರೈಲು ಹತ್ತಿ ಕಲ್ಲಿದ್ದಲನ್ನು ಕೆಳಗೆ ತಳ್ಳುತ್ತಿದ್ದರು, ಚೀಲಕ್ಕೆ ತುಂಬಿ ಮನೆಗೆ ಒಯ್ಯುತ್ತಿದ್ದರು. ಆ ದಿನದ ಪ್ರವಚನದಲ್ಲಿ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ಅವರು, ದುಡಿದರೂ ಬೇಡಿದರೂ ಸಿಗದಿದ್ದಾಗ ಜೀವ ಮತ್ತು ಆರೋಗ್ಯ ಉಳಿಸಿಕೊಳ್ಳುವಷ್ಟನ್ನು ಮನುಷ್ಯ ತೆಗೆದುಕೊಳ್ಳಬಹುದು ಎಂದರು. ಊರಿಗೆ ಊರೇ ಉಸಿರು ಬಿಟ್ಟಿತು. ಅವರ ಹೆಸರಿನಿಂದ ‘ಫ್ರಿಂಗ್ಸೆನ್’ ಎಂಬ ಕ್ರಿಯಾಪದವೇ ಹುಟ್ಟಿತು. ಕದ್ದೆ ಎನ್ನಲು ನಾಲಿಗೆ ಬಾರದವರಿಗೆ ಅದೊಂದು ಆಸರೆಯ ಮಾತಾಯಿತು.

ಅದೇ ಪ್ರವಚನದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸಿದ್ದರು: ಅನೇಕರು ಈ ಮಿತಿಯನ್ನು ಮೀರಿದ್ದಾರೆ, ಅಂಥವರು ಒಯ್ದದ್ದನ್ನು ಹಿಂತಿರುಗಿಸಬೇಕು. ಈ ಭಾಗ ಅಷ್ಟಾಗಿ ಯಾರ ನೆನಪಿನಲ್ಲೂ ನಿಲ್ಲಲಿಲ್ಲ.

ಫ್ರಿಂಗ್ಸ್ ಹೊಸದೇನನ್ನೂ ಹೇಳಿರಲಿಲ್ಲ. 13ನೇ ಶತಮಾನದಲ್ಲೇ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್, ಪ್ರಾಣ ಹೋಗುವ ಸಂಕಟದಲ್ಲಿ ಇನ್ನೊಬ್ಬರದನ್ನು ತೆಗೆದುಕೊಂಡರೆ ಅದು ಕಳವೇ ಅಲ್ಲ ಎಂದು ವಾದಿಸಿದ್ದ. ಅದಕ್ಕೂ ಬಹಳ ಹಿಂದೆ, 7ನೇ ಶತಮಾನದ ಅರೇಬಿಯದಲ್ಲಿ ಭೀಕರ ಬರ ಬಿದ್ದ ವರ್ಷ, ಖಲೀಫ ಉಮರ್ ಕಳ್ಳತನಕ್ಕೆ ಕೈ ಕತ್ತರಿಸುವ ಶಿಕ್ಷೆಯನ್ನು ತಡೆಹಿಡಿದರೆಂದು ಇಸ್ಲಾಮಿನ ನ್ಯಾಯಪರಂಪರೆ ಹೇಳುತ್ತದೆ. ನಮ್ಮಲ್ಲಿ ಇದಕ್ಕೆ ‘ಆಪದ್ಧರ್ಮ’ ಎಂಬ ಹೆಸರೇ ಇದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಹೇಳುವ ಕಥೆ ಇದು: ಹನ್ನೆರಡು ವರ್ಷದ ಬರಗಾಲ, ಹಸಿದು ಕಂಗೆಟ್ಟ ವಿಶ್ವಾಮಿತ್ರ ರಾತ್ರಿ ಚಂಡಾಲನೊಬ್ಬನ ಗುಡಿಸಲಿಗೆ ನುಗ್ಗಿ ನಾಯಿಯ ಮಾಂಸಕ್ಕೆ ಕೈಹಾಕುತ್ತಾನೆ. ಮನೆಯವನಿಗೆ ಎಚ್ಚರವಾಗುತ್ತದೆ. ಕತ್ತಲಲ್ಲೇ ವಾದ ನಡೆಯುತ್ತದೆ. ಬದುಕಿದ್ದರೆ ತಾನೇ ಧರ್ಮ ಮಾಡುವುದು ಎನ್ನುತ್ತಾನೆ ಋಷಿ.

ಈ ಕಥೆ ಓದಿದಾಗಲೆಲ್ಲ ನನ್ನ ಮನಸ್ಸು ಆ ಗುಡಿಸಲಿನವನ ಕಡೆಗೇ ಹೋಗುತ್ತದೆ. ಬರ ಅವನಿಗೂ ಬಂದಿತ್ತಲ್ಲ?

ಈ ಪ್ರಶ್ನೆಗೆ ಒಂದು ಅಳತೆಗೋಲು ಸಿಕ್ಕಿದ್ದು 1625ರಲ್ಲಿ. ಡಚ್ ನ್ಯಾಯಪಂಡಿತ ಹ್ಯೂಗೋ ಗ್ರೋಷಿಯಸ್, ಆಪತ್ತಿನ ಹಕ್ಕನ್ನು ಒಪ್ಪಿಕೊಂಡೇ ಅದಕ್ಕೆ ಬೇಲಿ ಹಾಕಿದ. ಬೇರೆ ದಾರಿಗಳೆಲ್ಲ ಮುಚ್ಚಿರಬೇಕು. ಒಡೆಯನೂ ಅಷ್ಟೇ ಕಷ್ಟದಲ್ಲಿದ್ದರೆ ಅವನದನ್ನು ಮುಟ್ಟುವಂತಿಲ್ಲ. ಕೈಗೂಡಿದಾಗ ಹಿಂದಿರುಗಿಸಲೇಬೇಕು. ಅಂದರೆ ಅದು ಕಳವಲ್ಲ, ನಿಜ. ಆದರೆ ಪುಕ್ಕಟೆಯೂ ಅಲ್ಲ, ಸಾಲ. ಇಷ್ಟು ಮಾನವೀಯವಾದ, ಇಷ್ಟು ನ್ಯಾಯವಾದ ಮಾತು ಈ ವಿಷಯದಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ.

ಇಂಗ್ಲೆಂಡಿನ ನ್ಯಾಯಾಲಯಗಳು ಮಾತ್ರ ಈ ದಾರಿಗೆ ಬರಲಿಲ್ಲ. ಹಸಿವನ್ನು ಕಳವಿಗೆ ಸಮರ್ಥನೆಯೆಂದು ಒಪ್ಪಿದರೆ ಯಾರೂ ಮುಚ್ಚಲಾಗದ ಬಾಗಿಲು ತೆರೆದಂತೆ ಎಂಬುದು 1971ರಲ್ಲಿ ನ್ಯಾಯಾಧೀಶ ಲಾರ್ಡ್ ಡೆನಿಂಗ್ ಅವರ ಅಂಜಿಕೆ. ಇಟಲಿಯ ಪರಮೋಚ್ಚ ನ್ಯಾಯಾಲಯ 2016ರಲ್ಲಿ ಬೇರೆಯೇ ತೀರ್ಪು ಕೊಟ್ಟಿತು. ಸುಮಾರು 4 ಯೂರೋ ಬೆಲೆಯ ಚೀಸ್ ಮತ್ತು ಸಾಸೇಜ್ ಎತ್ತಿಕೊಂಡಿದ್ದ ನಿರ್ಗತಿಕನೊಬ್ಬನನ್ನು, ಹಸಿವು ತಾಳದೆ ತೆಗೆದುಕೊಂಡದ್ದು ಅಪರಾಧವಲ್ಲ ಎಂದು ಬಿಟ್ಟುಬಿಟ್ಟಿತು.

ವಿಪತ್ತಿನ ನಡುವೆ ನ್ಯಾಯಾಲಯಕ್ಕೆ ಹೋಗುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ಅಲ್ಲಿ ತೀರ್ಪು ಕೊಡುವುದು ಬಂದೂಕು ಹಿಡಿದವನ ಕಣ್ಣು. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾದ ದಿನವೇ, ಲೂಟಿ ಮಾಡುವವರನ್ನು ಕೊಲ್ಲಲು ತಾನು ಅಧಿಕಾರ ಕೊಟ್ಟಿದ್ದೇನೆಂದು ಅಲ್ಲಿನ ಮೇಯರ್ ಯೂಜೀನ್ ಶ್ಮಿಟ್ಜ್ ಪ್ರಕಟಣೆ ಹೊರಡಿಸಿದ. ಟಿವಿ ಕದ್ದವನೂ ಹಾಲಿನ ಡಬ್ಬಿ ಒಯ್ದವಳೂ ‘ಲೂಟಿ’ ಎಂಬ ಒಂದೇ ಪದದಡಿ ಸಿಕ್ಕಿಬೀಳುವ ಅಪಾಯ ಅಲ್ಲಿಂದ ಇಲ್ಲಿಯವರೆಗೂ ಹಾಗೇ ಇದೆ. ಅಮೆರಿಕದಲ್ಲಿ 1963ರಲ್ಲಿ ಸ್ಥಾಪನೆಯಾದ ವಿಪತ್ತು ಸಂಶೋಧನಾ ಕೇಂದ್ರದ ಸಮಾಜಶಾಸ್ತ್ರಜ್ಞರು ಅನಾಹುತದಿಂದ ಅನಾಹುತಕ್ಕೆ ಹೋಗಿ ನೋಡಿ ಹೇಳಿದ್ದು, ಪ್ರಕೃತಿ ವಿಕೋಪದ ಹೊತ್ತಿನಲ್ಲಿ ಲೂಟಿಗಿಂತ ಲೂಟಿಯ ಭಯವೇ ದೊಡ್ಡದು ಎಂದು.

2005ರ ಕತ್ರೀನಾ ಚಂಡಮಾರುತದಲ್ಲಿ ಆ ಕಣ್ಣಿನ ದೋಷ ಜಗತ್ತಿಗೇ ಕಂಡಿತು. ನ್ಯೂ ಆರ್ಲಿಯನ್ಸ್‌ನ ಎರಡು ಫೋಟೋಗಳು. ಎರಡರಲ್ಲೂ ಎದೆಮಟ್ಟದ ನೀರು, ಎರಡರಲ್ಲೂ ತಿನ್ನುವ ಕುಡಿಯುವ ಸಾಮಾನು ಹಿಡಿದು ನಡೆಯುವವರು. ಕಪ್ಪು ತರುಣನ ಚಿತ್ರದ ಅಡಿಬರಹ, ಅವನು ದಿನಸಿ ಅಂಗಡಿಯನ್ನು ‘ಲೂಟಿ ಮಾಡಿ’ ಬರುತ್ತಿದ್ದಾನೆ ಎಂದಿತು. ಬಿಳಿಯ ಜೋಡಿಯ ಚಿತ್ರದ ಅಡಿಬರಹದ ಪ್ರಕಾರ ಅವರಿಗೆ ಬ್ರೆಡ್ಡು, ಸೋಡಾ ‘ಸಿಕ್ಕಿತ್ತು’. ಬೇರೆ ಬೇರೆ ಸುದ್ದಿಸಂಸ್ಥೆ, ಬೇರೆ ಬೇರೆ ಛಾಯಾಗ್ರಾಹಕರು. ಎರಡನೆಯವರು ತಾವು ಕಂಡದ್ದು ಅಂಗಡಿಯಿಂದ ತೇಲಿಬಂದ ಸಾಮಾನನ್ನು ಎಂದು ವಿವರಣೆಯನ್ನೂ ಕೊಟ್ಟರು. ಆದರೂ ಪಕ್ಕಪಕ್ಕ ಇಟ್ಟು ನೋಡಿದವರ ಎದೆಗೆ ಚುಚ್ಚಿದ್ದು ಆ ಎರಡು ಪದಗಳು.

ಅದೇ ವರ್ಷದ ಸೆಪ್ಟೆಂಬರ್ 4ರಂದು ಅದೇ ನಗರದ ಡ್ಯಾನ್ಜಿಗರ್ ಸೇತುವೆಯ ಮೇಲೆ ಪೊಲೀಸರು ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು, ನಾಲ್ವರು ಗಾಯಗೊಂಡರು.

ಹಾಗೆಂದು ಅಂಗಡಿಯವನನ್ನು ಮರೆಯಲಾಗದು. ನೆರೆಯಲ್ಲಿ ಅವನ ಮನೆಯೂ ಮುಳುಗಿರಬಹುದು, ಒಳಗಿನ ಸರಕು ಸಾಲದ್ದಿರಬಹುದು. ಹಸಿದವನಿಗೆ ಕ್ಷಮೆ ಕೊಟ್ಟು ಲೆಕ್ಕವನ್ನು ಇವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗ್ರೋಷಿಯಸ್ ಹೇಳಿದ ಸಾಲವನ್ನು ಸರ್ಕಾರವೇ ಹೊರಬೇಕು. ಅದಕ್ಕೆ ದಾರಿಯೂ ಇದೆ: ತುರ್ತು ಹೊತ್ತಿನಲ್ಲಿ ಅಧಿಕಾರಿಗಳು ಖಾಸಗಿ ಸ್ವತ್ತನ್ನು ವಶಕ್ಕೆ ಪಡೆದು ಆಮೇಲೆ ಪರಿಹಾರ ಕೊಡುವ ವ್ಯವಸ್ಥೆ ಹಲವು ದೇಶಗಳ ಕಾನೂನಿನಲ್ಲಿದೆ. ಅಂಗಡಿಯ ಬಾಗಿಲು ತೆಗೆಸಿ, ಸಾಲಿನಲ್ಲಿ ನಿಲ್ಲಿಸಿ, ಕೊಟ್ಟದ್ದನ್ನು ಬರೆದಿಟ್ಟರೆ ಯಾರೂ ಕಳ್ಳರಾಗಬೇಕಿಲ್ಲ.

ಆದರೆ ಆ ಅಧಿಕಾರಿ ಹಸಿವಿಗಿಂತ ಮೊದಲು ಬಂದು ನಿಂತಿರಬೇಕು. ಕತ್ರೀನಾ ಅಪ್ಪಳಿಸಿದ್ದು ಸೋಮವಾರ. ನ್ಯೂ ಆರ್ಲಿಯನ್ಸ್‌ನ ಸಮ್ಮೇಳನ ಭವನದಲ್ಲಿ ಆಶ್ರಯ ಪಡೆದಿದ್ದ ಸಾವಿರಾರು ಜನರಿಗೆ ಸೇನೆಯ ಟ್ರಕ್ಕುಗಳಲ್ಲಿ ಅನ್ನ, ನೀರು ಬಂದದ್ದು ಶುಕ್ರವಾರ.