ಯಾವ ಕಂಪನಿ ಕಾರು ಕೈ ಕೊಡಲ್ಲ?

ಪ್ರಶ್ನೆ: ಮನೆಗೆ ಮೊದಲ ಕಾರು ತಗೋಬೇಕು ಅಂತಿದ್ದೀವಿ. ಮಾವ ಮಾರುತಿ ಅಂತಾರೆ, ಅಣ್ಣ ಟಾಟಾ ಅಂತಾನೆ, ಶಾಲೆಯಲ್ಲಿ ಜೊತೆಗಿರುವ ಮೇಷ್ಟ್ರು ಟೊಯೊಟಾ ಬಿಟ್ಟು ಬೇರೆ ನೋಡಲೇಬೇಡಿ ಅಂತಾರೆ. ಒಬ್ಬೊಬ್ಬರ ಹತ್ತಿರವೂ ಒಂದೊಂದು ಕಥೆ ಇದೆ. ನಿಜವಾಗಿ ಯಾವ ಕಂಪನಿ ಕಾರು ಕೈ ಕೊಡಲ್ಲ? (ಸಿಂಧನೂರಿನ ಓದುಗರು)

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಬಳ್ಳಾರಿಯಲ್ಲಿ ನಾಲ್ಕು ಜನ ಒಗ್ಗರಣೆ ಮಿರ್ಚಿ ಮುಂದೆ ಕೂತರೂ ಇದೇ ವಾದ. "ನಮ್ದು ಎರಡು ಲಕ್ಷ ಓಡೈತಿ, ಇನ್ನೂ ಇಂಜಿನ್ ಬಿಚ್ಚಿಲ್ಲ" ಅಂತ ಒಬ್ಬರು. "ಓಡ್ಲಿ ಬಿಡಣ್ಣ, ಅದರ ತಗಡು ನೋಡು, ಹಪ್ಪಳ ಇದ್ದಂಗೈತಿ" ಅಂತ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬರದು ಕೆಡದೆ ಓಡುವ ಮಾತು, ಇನ್ನೊಬ್ಬರದು ಗುದ್ದಿದರೆ ಜೀವ ಉಳಿಯುವ ಮಾತು. ಎರಡನೆಯದಕ್ಕೆ 2023ರ ಅಕ್ಟೋಬರ್‌ನಿಂದ, ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿ ಕೊಡುವ ಭಾರತ್ ಎನ್‌ಕ್ಯಾಪ್ ಸ್ಟಾರ್‌ಗಳಿವೆ, ಅವನ್ನೇ ನೋಡಿ. ಬಾನೆಟ್ ಮೇಲೆ ಬೆರಳು ಒತ್ತಿದರೆ ಅದು ಗೊತ್ತಾಗುವುದಿಲ್ಲ. ನೀವು ಕೇಳಿದ್ದು ಮೊದಲನೆಯದು, ಹಾಗಾಗಿ ಅದಕ್ಕೇ ಬರುತ್ತೇನೆ.

ಕಂಪನಿ ಕಂಪನಿಗೆ ವ್ಯತ್ಯಾಸ ಇದ್ದೇ ಇದೆ. ಆದರೆ ಮಾಲೀಕರು ಜಗಳ ಆಡುವಷ್ಟು ಇಲ್ಲ. ನಮ್ಮ ಕಡೆಯ ಧೂಳು, ಬಿಸಿಲು, ನೀರು, ಕೈಗೆಟಕುವ ಮೇಸ್ತ್ರಿ, ಇವು ಮಾಡುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಇನ್ನೊಂದು ವಿಷಯ, ಬಾನೆಟ್ ಮೇಲಿನ ಹೆಸರಿಗಿಂತ ಒಳಗಿರುವ ಇಂಜಿನ್ ಮತ್ತು ಗೇರ್‌ಬಾಕ್ಸ್ ಯಾವುದು ಅಂತ ನೋಡಬೇಕು.

ಯಾಕೆ ಅಂತೀರಾ? ಹದಿನೈದು ವರ್ಷದ ಹಿಂದಿನ ಡೀಸೆಲ್ ಕಾರುಗಳನ್ನು ನೆನಪಿಸಿಕೊಳ್ಳಿ. ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡವರು ಅದನ್ನು ಹೊಗಳುತ್ತಿದ್ದರು. ಇಂಡಿಕಾ ವಿಸ್ಟಾ ತಗೊಂಡವರ ಬಾಯಲ್ಲಿ ಬೇರೆಯೇ ಮಾತು. ಫಿಯೆಟ್ ಪುಂಟೊ ಇದ್ದವರು ಸಿಕ್ಕರೆ ಮೂರನೆಯ ಅಭಿಪ್ರಾಯ. ಆದರೆ ಸ್ವಿಫ್ಟ್ ಡೀಸೆಲ್, ಡಿಸೈರ್ ಡೀಸೆಲ್, ಪುಂಟೊ, ಲೀನಿಯಾ, ಟಾಟಾದ ವಿಸ್ಟಾ ಮತ್ತು ಮಾಂಜಾದ ಕ್ವಾಡ್ರಾಜೆಟ್ ಅನ್ನುವ ಡೀಸೆಲ್ ಮಾದರಿಗಳು, ಇವೆಲ್ಲದರ ಒಳಗಿದ್ದದ್ದು ಫಿಯೆಟ್ ರೂಪಿಸಿದ ಒಂದೇ 1,248 ಸಿಸಿ ಡೀಸೆಲ್ ಇಂಜಿನ್. ವಾಹನ ಪತ್ರಿಕೆಗಳು ಅದನ್ನು 'ರಾಷ್ಟ್ರೀಯ ಇಂಜಿನ್' ಅಂತಲೇ ಕರೆದವು. 2020ರವರೆಗೂ ಮಾರುತಿ ಅದನ್ನು ಬಳಸಿತು. ಒಂದೇ ಇಂಜಿನ್ ಇಟ್ಟುಕೊಂಡ ಮೂರು ಮನೆಯವರು "ನಮ್ಮ ಇಂಜಿನ್ನೇ ಗಟ್ಟಿ" ಅಂತ ವಾದ ಮಾಡುತ್ತಿದ್ದರು ಅಂದರೆ, ಕಂಪನಿ ಹೆಸರು ಹಿಡಿದು ಎಷ್ಟು ದೂರ ಹೋಗಬಹುದು ಅಂತ ನೀವೇ ಯೋಚಿಸಿ.

ಈಗಲೂ ಅದೇ ಕಥೆ. 2019ರಲ್ಲಿ ಬಂದ ಟೊಯೊಟಾ ಗ್ಲಾನ್ಜಾ ಅಂದರೆ ಮಾರುತಿ ಬಲೆನೊ. ಮುಂಭಾಗ ಸ್ವಲ್ಪ ಬೇರೆ, ಒಳಗೆಲ್ಲ ಅದೇ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯ ಒಂದೇ ಕಾರ್ಖಾನೆಯಿಂದ ಹೊರಬಂದವು. ಹುಂಡೈ ಮತ್ತು ಕಿಯಾ ಒಂದೇ ಗುಂಪಿನವು, ಇಂಜಿನ್‌ಗಳನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ನಿಮ್ಮ ಮಾವ ಮತ್ತು ಆ ಮೇಷ್ಟ್ರು ಒಂದೇ ಕಾರಿನ ಪರವಾಗಿ ಎದುರುಬದುರು ನಿಂತು ಜಗಳ ಆಡುತ್ತಿರಬಹುದು.

ಬಿಡಿಭಾಗಗಳಂತೂ ಇನ್ನೂ ಹೆಚ್ಚು ಹಂಚಿಕೆ. ಜಪಾನಿನ ಟಕಾಟ ಅನ್ನುವ ಒಂದು ಕಂಪನಿ ಏರ್‌ಬ್ಯಾಗ್ ಮಾಡಿ ಹತ್ತಾರು ಕಾರು ಕಂಪನಿಗಳಿಗೆ ಕೊಡುತ್ತಿತ್ತು. ಬ್ಯಾಗ್ ಉಬ್ಬಿಸಲು ಅದರಲ್ಲಿ ತುಂಬಿದ್ದ ಅಮೋನಿಯಂ ನೈಟ್ರೇಟ್ ಅನ್ನುವ ರಾಸಾಯನಿಕ ವರ್ಷಗಟ್ಟಲೆ ಬಿಸಿ ಮತ್ತು ತೇವಕ್ಕೆ ಹಾಳಾಗಿ, ಬ್ಯಾಗ್ ಬಿಚ್ಚುವಾಗ ಲೋಹದ ಚೂರು ಸಿಡಿಯುತ್ತಿತ್ತು. ಜನ ಸತ್ತರು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರ್‌ಗಳನ್ನು, ಅಂದರೆ ಏರ್‌ಬ್ಯಾಗ್ ಉಬ್ಬಿಸುವ ಭಾಗಗಳನ್ನು, ವಾಪಸ್ ಕರೆಯಬೇಕಾಯಿತು. 2017ರಲ್ಲಿ ಟಕಾಟ ದಿವಾಳಿಯಾಯಿತು. ಹೋಂಡಾ, ಟೊಯೊಟಾ, ಬಿಎಂಡಬ್ಲ್ಯು ಯಾರನ್ನೂ ಅದು ಬಿಡಲಿಲ್ಲ. ಹಳೆಯ ಕಾರು ತಗೊಳ್ಳುವವರು ಚಾಸಿಸ್ ನಂಬರ್ ಹಾಕಿ, ಅದಕ್ಕೆ ರೀಕಾಲ್ ಇದೆಯಾ ಅಂತ ಆ ಕಂಪನಿಯ ವೆಬ್‌ಸೈಟಿನಲ್ಲೋ ಶೋರೂಮಿನಲ್ಲೋ ದಯವಿಟ್ಟು ನೋಡಿ. ಆ ದುರಸ್ತಿ ಪುಕ್ಕಟೆ. ರೀಕಾಲ್ ಮಾಡಿದ ಕಂಪನಿ ಕೆಟ್ಟದ್ದು ಅಂತ ತಿಳಿಯುವುದೂ ತಪ್ಪು. ದೋಷ ಮುಚ್ಚಿಡುವುದಕ್ಕಿಂತ ಕರೆದು ಸರಿಮಾಡಿಕೊಡುವುದು ಮೇಲು, ಅಲ್ವಾ?

ಇನ್ನು ಗ್ಯಾರೇಜಿನ ಸಾಕ್ಷಿ. "ನಮ್ಮ ಗ್ಯಾರೇಜಿಗೆ ಬರೋದೆಲ್ಲ ಅದೇ ಕಂಪನಿ ಕಾರು" ಅಂತ ಮೇಸ್ತ್ರಿ ಹೇಳಿದರೆ ನಾವು ಹೆದರುತ್ತೇವೆ. ಆದರೆ ದೇಶದಲ್ಲಿ ಮಾರಾಟವಾಗುವ ನೂರು ಕಾರಿನಲ್ಲಿ ಸುಮಾರು 40 ಮಾರುತಿ ಸುಜುಕಿಯವು. ರಸ್ತೆಯಲ್ಲಿ ಜಾಸ್ತಿ ಇದ್ದದ್ದು ಗ್ಯಾರೇಜಿನಲ್ಲೂ ಜಾಸ್ತಿ ಇರುತ್ತದೆ. ಊರಲ್ಲಿ ಬರೀ ನಾಲ್ಕು ಇರುವ ಕಾರು ಗ್ಯಾರೇಜಿನಲ್ಲಿ ಕಾಣದಿದ್ದರೆ ಅದು ಗಟ್ಟಿ ಅಂತಲ್ಲ. ಆ ನಾಲ್ವರೂ ರಿಪೇರಿಗೆ ಹುಬ್ಬಳ್ಳಿಗೆ ಹೋಗುತ್ತಿರಬಹುದು. ಮೇಸ್ತ್ರಿಯನ್ನು ಕೇಳಲೇಬೇಕು, ಆದರೆ ಯಾವ ಕಂಪನಿ ಒಳ್ಳೆಯದು ಅಂತ ಕೇಳಬೇಡಿ. "ಈ ಕಾರಿನಲ್ಲಿ ಮೊದಲು ಹೋಗೋದು ಏನು, ಎಷ್ಟು ಕಿಲೋಮೀಟರ್‌ಗೆ?" ಅಂತ ಕೇಳಿ. ಲಿಂಕ್ ರಾಡ್, ಕ್ಲಚ್ ಪ್ಲೇಟ್, ಎಸಿ ಕಂಪ್ರೆಸರ್, ಅವರಷ್ಟು ಖಚಿತವಾಗಿ ಇನ್ಯಾರೂ ಹೇಳಲಾರರು.

ವಿದೇಶಿ ಸಮೀಕ್ಷೆಗಳನ್ನು ತೋರಿಸುವವರೂ ಇದ್ದಾರೆ. ಅಮೆರಿಕದ ಜೆ.ಡಿ. ಪವರ್ ಸಮೀಕ್ಷೆ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತದೆ. ಅದರಲ್ಲಿ ಫೋನ್ ಬ್ಲೂಟೂತ್‌ಗೆ ಸೇರದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋದರೂ ಒಂದು ತೊಂದರೆ. ಮೇಲಾಗಿ ಅಲ್ಲಿ ಓಡುವ ಮಾಡೆಲ್‌ಗಳು ಬಹುಪಾಲು ಇಲ್ಲಿಲ್ಲ. ನಮಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಹಾಗಂತ ಟೊಯೊಟಾಗೆ ಹೆಸರು ಸುಮ್ನೆ ಬಂದಿಲ್ಲ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. ಟ್ಯಾಕ್ಸಿಯವರು ಅವನ್ನು ಮೂರು ನಾಲ್ಕು ಲಕ್ಷ ಕಿ.ಮೀ. ಓಡಿಸಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಇನ್ನೋವಾದ 2.5 ಲೀಟರ್ ಡೀಸೆಲ್ ಇಂಜಿನ್ ಬೇರೆ ದೇಶಗಳಲ್ಲಿ ಹೈಲಕ್ಸ್ ಪಿಕಪ್‌ನಲ್ಲೂ ದುಡಿದದ್ದು. ಹಳೆಯದನ್ನು ಬೇಗ ಬಿಡದೆ ನಿಧಾನವಾಗಿ ಬದಲಿಸುವುದು ಆ ಕಂಪನಿಯ ಪದ್ಧತಿ. 2000ದಲ್ಲೇ ಬಂದ ಮಹೀಂದ್ರಾ ಬೊಲೆರೊ ಸಂಡೂರಿನ ಗಣಿ ದಾರಿಗಳಲ್ಲಿ ಉಳಿದುಕೊಂಡದ್ದೂ ಹಾಗೆಯೇ. ಅದರಲ್ಲಿ ಕೆಡುವಂಥ ನಾಜೂಕು ವಸ್ತು ಕಡಿಮೆ, ಕೆಟ್ಟರೆ ಯಾವ ಊರಿನ ಮೇಸ್ತ್ರಿಯಾದರೂ ಕೈ ಹಾಕುತ್ತಾರೆ.

ಆದರೆ ಟ್ಯಾಕ್ಸಿ ಲೆಕ್ಕವನ್ನು ಮನೆ ಕಾರಿಗೆ ಹಾಗೇ ಹಚ್ಚಬೇಡಿ. ಟ್ಯಾಕ್ಸಿಯ ಇಂಜಿನ್ ಒಮ್ಮೆ ಬಿಸಿಯಾದರೆ ಇನ್ನೂರು ಮುನ್ನೂರು ಕಿ.ಮೀ. ಒಂದೇ ಹದದಲ್ಲಿ ಓಡುತ್ತದೆ. ಅದು ಇಂಜಿನ್‌ಗೆ ಹಿತ. ಮನೆಯಿಂದ ಬಜಾರಿಗೆ ಎರಡು ಕಿ.ಮೀ. ಹೋಗಿ ಆಫ್ ಮಾಡುವುದೇ ಕಷ್ಟ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಇದು ಇನ್ನೂ ದೊಡ್ಡ ಮಾತು. ಅವುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಅದರಲ್ಲಿ ಕೂತ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಹೋದರೆ ತಾನಾಗಿ ಸುಡುತ್ತದೆ. ರಾಯಚೂರಿನ ಒಳಗೇ ಮನೆಯಿಂದ ಅಂಗಡಿಗೆ ಓಡಿಸುವವರ ಕಾರಿನಲ್ಲಿ ಅದು ಕಟ್ಟಿಕೊಂಡು, ಮೀಟರ್‌ನಲ್ಲಿ ದೀಪ ಹತ್ತುತ್ತದೆ. ಅದೇ ಮಾಡೆಲ್ ಇಟ್ಟುಕೊಂಡು ವಾರಕ್ಕೆ ಎರಡು ಸಲ ಬಳ್ಳಾರಿಗೆ ಬಂದು ಹೋಗುವವರಿಗೆ ಆ ದೀಪ ಇದೆ ಅಂತಲೇ ಗೊತ್ತಿರುವುದಿಲ್ಲ. ಇಬ್ಬರೂ ಒಂದೇ ಕಾರಿನ ಬಗ್ಗೆ ಮಾತಾಡಿದರೂ ಒಬ್ಬರು ಬೈಯುತ್ತಾರೆ, ಒಬ್ಬರು ಹೊಗಳುತ್ತಾರೆ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಕಾರು ಕೆಡುವುದರಲ್ಲಿ ನಮ್ಮ ಊರುಗಳ ಪಾಲು.

ಎಂಟು ವರ್ಷದ ಹಿಂದಿನ ಏಪ್ರಿಲ್. ಸಿರುಗುಪ್ಪ ದಾಟಿ ಸಿಂಧನೂರಿಗೆ ಹೊರಟಿದ್ದೆವು. ಧಡೇಸೂಗೂರಿನ ಸೇತುವೆ ಇನ್ನೂ ಬಂದಿರಲಿಲ್ಲ, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಎತ್ತಿದರೆ ಹಬೆ. ಅಪ್ಪ, ಅಮ್ಮ ರಸ್ತೆ ಪಕ್ಕದ ಜಾಲಿ ಮರದ ನೆರಳಲ್ಲಿ ಮೂರು ಗಂಟೆ ಕೂತರು. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದರ ಕೆಳಗಿನ ಪದರ ಹೆಡ್ ಗ್ಯಾಸ್ಕೆಟ್. ಅದು ಹೋಗಿತ್ತು, ಹೆಡ್ಡೇ ಬೆಂಡಾಗಿತ್ತು. "ಆ ಕಂಪನಿ ಕಾರೇ ಸರಿ ಇಲ್ಲ" ಅಂತ ಕಾಕಾ ಇವತ್ತಿಗೂ ಹೇಳುತ್ತಾರೆ. ಆದರೆ ಮೇಸ್ತ್ರಿ ರೇಡಿಯೇಟರ್ ಬಿಚ್ಚಿ ತೋರಿಸಿದಾಗ ಒಳಗೆ ಬಿಳಿ ಪದರ ಗಟ್ಟಿಯಾಗಿ ಕಟ್ಟಿತ್ತು, ನಮ್ಮ ಮನೆಯ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುತ್ತದಲ್ಲ, ಹಾಗೆ. ಎರಡು ವರ್ಷದಿಂದ, ಇಂಜಿನ್ ತಂಪಾಗಿಡುವ ಕೂಲಂಟ್ ಕಡಿಮೆಯಾದಾಗಲೆಲ್ಲ ನಾವು ಬೋರ್ ನೀರು ಹಾಕುತ್ತಿದ್ದೆವು. ಸವಳು ನೀರು.

ಕೂಲಂಟ್ ಅಂದರೆ ಬರೀ ಬಣ್ಣದ ನೀರಲ್ಲ. ಅದರಲ್ಲಿರುವ ಗ್ಲೈಕಾಲ್‌ನಿಂದ ನೀರು ಕುದಿಯುವ ಮಟ್ಟ ಮೇಲೇರುತ್ತದೆ, ಜೊತೆಗಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡ ಹಿಡಿದಿಡುವುದರಿಂದ 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಹೊರಗೆ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ, ಎಸಿ ಹಾಕಿಕೊಂಡು ಹೋಗುವಾಗ ಈ ಅಂತರವೇ ಇಂಜಿನ್ ಉಳಿಸುವುದು. ಗಡಸು ನೀರು ಹಾಕಿದರೆ ಒಳಗಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಅಲ್ಯೂಮಿನಿಯಂ ಹೆಡ್ ಶಾಖ ತಾಳದೆ ಬಾಗುತ್ತದೆ. ಯಾವ ಕಂಪನಿ ಕಾರಾದರೂ ಇಷ್ಟೇ.

ಧೂಳಿನದೂ ಅದೇ ಹಾಡು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಕೆಂಪು ಧೂಳು, ರಾಯಚೂರು ಕಡೆ ಎರೆ ಮಣ್ಣಿನ ಧೂಳು, ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ಲಿನ ಹೊಟ್ಟು. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಸರ್ವಿಸ್‌ಗೆ ಎರಡು ಲೆಕ್ಕ ಇರುತ್ತದೆ. ಒಂದು ಸಾಧಾರಣ ಬಳಕೆಗೆ, ಇನ್ನೊಂದು ಧೂಳು ಮತ್ತು ಕಠಿಣ ಬಳಕೆಗೆ. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಮೂರು ಜಿಲ್ಲೆಯವರಿಗೆ ಎರಡನೆಯದೇ ಅನ್ವಯ. ಆದರೆ ಎಲ್ಲರೂ ಮೊದಲನೆಯದನ್ನು ಹಿಡಿದು ಏರ್ ಫಿಲ್ಟರ್ ಬದಲಿಸುತ್ತಾರೆ. ಫಿಲ್ಟರ್ ಕಟ್ಟಿದರೆ ಪಿಕಪ್ ಹೋಗುತ್ತದೆ. ಬೈಗುಳ ಮಾತ್ರ ಕಂಪನಿಗೆ. ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲಿನ ರಸ್ತೆಯೂ ಅಲೆಅಲೆಯಾಗುತ್ತದೆ. ಹಾಗಾಗಿ ಸಸ್ಪೆನ್ಷನ್ ಬುಷ್‌ಗಳು, ಅಂದರೆ ಕುಲುಕಾಟ ತಡೆಯುವ ರಬ್ಬರ್ ಭಾಗಗಳು, ನಮ್ಮಲ್ಲಿ ಬೇಗ ಸವೆಯುತ್ತವೆ.

ಇಲಿಗಳನ್ನೂ ಮರೆಯಬೇಡಿ. ಭತ್ತದ ನಾಡಿನಲ್ಲಿ ರಾತ್ರಿ ಬಿಸಿ ಇಂಜಿನ್ ಮೇಲೆ ಬಂದು ಕೂತು ವೈರ್ ಕಡಿಯುತ್ತವೆ. ಬೆಳಿಗ್ಗೆ ವಾರ್ನಿಂಗ್ ದೀಪ ಹತ್ತುತ್ತದೆ. "ಈ ಕಾರಿನ ಸೆನ್ಸರ್ ಸರಿ ಇಲ್ಲ" ಅನ್ನುವ ಮೊದಲು ಬಾನೆಟ್ ಎತ್ತಿ ನೋಡಿ. ವಾರಂಟಿಗೆ ಇದು ಬರುವುದಿಲ್ಲ.

ಸರ್ವಿಸ್ ಎಷ್ಟು ದೂರ ಅನ್ನುವುದೂ ಕಾರಿನ ಗುಣದ ಒಂದು ಭಾಗವೇ ಅಂತ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಒಳ್ಳೆಯದೆನಿಸಿದ ಕಾರು, ರಿಪೇರಿಗೆ ರಾಯಚೂರಿನಿಂದ ಹೈದರಾಬಾದಿಗೋ ಕೊಪ್ಪಳದಿಂದ ಹುಬ್ಬಳ್ಳಿಗೋ ಒಯ್ಯಬೇಕಾದರೆ ನಮಗೆ ಒಳ್ಳೆಯದಲ್ಲ. ಸಣ್ಣ ರಿಪೇರಿಯನ್ನು ಜನ ಮುಂದೂಡುತ್ತಾರೆ, ಅದು ದೊಡ್ಡದಾಗುತ್ತದೆ.

ಇನ್ನು ನಿಮಗೆ. ಓಡಾಟ ಹೆಚ್ಚಾಗಿ ಶಾಲೆಗೆ, ವರ್ಷಕ್ಕೆ ನಾಲ್ಕಾರು ಸಲ ದೂರದ ಊರಿಗೆ ಅಂತಾದರೆ ಡೀಸೆಲ್ ಬೇಡ. ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಸಾದಾ ಪೆಟ್ರೋಲ್ ಇಂಜಿನ್, ಮ್ಯಾನ್ಯುಯಲ್ ಗೇರ್ ಸಾಕು. ಆ ಇಂಜಿನ್ ಮಾರುಕಟ್ಟೆಗೆ ಬಂದು ಮೂರು ವರ್ಷವಾದರೂ ಆಗಿರಲಿ. ಹೊಸ ಮಾಡೆಲ್‌ನ ಮೊದಲ ವರ್ಷದ ಕಾರನ್ನು ನಾನಾದರೆ ತಗೊಳ್ಳುವುದಿಲ್ಲ, ಯಾವ ಕಂಪನಿಯದಾದರೂ. ಬುಕ್ ಮಾಡುವ ಮೊದಲು ಒಂದು ಶನಿವಾರ ಬೆಳಿಗ್ಗೆ ಶೋರೂಮ್ ಬಿಟ್ಟು ಹಿಂದಿನ ಸರ್ವಿಸ್ ಸೆಂಟರ್‌ಗೆ ಹೋಗಿ. ಕ್ಲಚ್ ಪ್ಲೇಟ್ ಮತ್ತು ಮುಂದಿನ ಗಾಜು ತರಿಸಲು ಎಷ್ಟು ದಿನ ಬೇಕು ಅಂತ ಕೇಳಿ. ಅಲ್ಲಿ ಕಾಯುತ್ತಿರುವ ಮಾಲೀಕರನ್ನು ಮಾತಾಡಿಸಿ. ಈ ಲೆಕ್ಕಕ್ಕೆ ಮಾರುತಿ, ಟೊಯೊಟಾ, ಹುಂಡೈ, ಟಾಟಾ ನಾಲ್ಕರಲ್ಲೂ ಒಂದೊಂದಾದರೂ ಕಾರು ಸಿಗುತ್ತದೆ. ಅವುಗಳಲ್ಲಿ ಸಿಂಧನೂರಿಗೆ ಹತ್ತಿರ ಸರ್ವಿಸ್ ಇರುವುದನ್ನೇ ತಗೊಳ್ಳಿ.

ಮಾವ, ಅಣ್ಣ, ಮೇಷ್ಟ್ರು ಮೂವರನ್ನೂ ಒಂದು ಭಾನುವಾರ ಮನೆಗೆ ಕರೆಯಿರಿ. ಕಥೆಯ ಜೊತೆ ಮೂರು ವರ್ಷದ ಸರ್ವಿಸ್ ಬಿಲ್ಲುಗಳನ್ನೂ ತರಲು ಹೇಳಿ. ಏರ್ ಫಿಲ್ಟರ್ ಎಷ್ಟು ಕಿ.ಮೀ.ಗೆ ಬದಲಾಗಿದೆ, ಕೂಲಂಟ್ ಯಾವಾಗ ಹಾಕಿಸಿದ್ದಾರೆ, ಸಸ್ಪೆನ್ಷನ್‌ಗೆ ಎಷ್ಟು ಹೋಗಿದೆ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.