ಶೂ ಬದಲಾದರೆ ನೋವು ಜಾಗ ಬದಲಿಸುತ್ತದೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಯಾವ ಊರಿನ ಮೈದಾನಕ್ಕೆ ಬೆಳಿಗ್ಗೆ ಬೇಗ ಹೋದರೂ ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು ಓಡುತ್ತಿರುತ್ತಾರೆ. ಭರ್ತಿಯಲ್ಲಿ 1.6 ಕಿ.ಮೀ. ಓಟ ಇದೆ, ಅದರಲ್ಲಿ ಹಿಂದೆ ಬಿದ್ದರೆ ಮುಂದಿನದು ಏನೂ ಇಲ್ಲ. ಒಬ್ಬನ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಇನ್ನೊಬ್ಬನದು ಹಾಕಿ ಆಡುವ ಟರ್ಫ್ ಶೂ, ಮತ್ತೊಬ್ಬನದು ಬೆಂಗಳೂರಿನಲ್ಲಿರುವ ಅಣ್ಣ ತಂದುಕೊಟ್ಟ ದಪ್ಪ ಸೋಲಿನ ಶೂ. ಮೂವರ ಪ್ರಶ್ನೆಯೂ ಒಂದೇ: ಯಾವುದು ಹಾಕಿದರೆ ಕಾಲು ನೋವು ಬರಲ್ಲ?

ಕಳೆದ 50 ವರ್ಷಗಳಲ್ಲಿ ಈ ಪ್ರಶ್ನೆಗೆ ನಾಲ್ಕೈದು ಉತ್ತರ ಬಂದು ಹೋಗಿವೆ. ಒಂದೊಂದು ಬಂದಾಗಲೂ ಇದೇ ಕೊನೆಯದು ಅಂತ ಜನ ನಂಬಿದರು. ನನ್ನ ಪ್ರಕಾರ ಅವುಗಳನ್ನೆಲ್ಲ ಒಟ್ಟಿಗೆ ನೋಡಿದರೆ ಗೊತ್ತಾಗುವುದು ಇಷ್ಟು: ಶೂ ಹೊಡೆತವನ್ನು ಮಾಯ ಮಾಡುವುದಿಲ್ಲ, ಕಾಲಿನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ದಾಟಿಸುತ್ತದೆ.

ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಬಲ ಕಾಲಿಗೆ ಬೀಳುತ್ತದೆ. 60 ಕೆ.ಜಿ. ಹುಡುಗನಿಗೆ 120ರಿಂದ 180 ಕೆ.ಜಿ.ಯಷ್ಟು. ಆಗ ಕಾಲು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ. ಮಂಡಿ ಮಡಚುತ್ತದೆ, ಕಣಕಾಲು ಬಾಗುತ್ತದೆ, ಹಿಮ್ಮಡಿಯ ಹಿಂದಿರುವ ಅಕಿಲಿಸ್ ಟೆಂಡನ್ ಹಿಗ್ಗಿ ಮತ್ತೆ ಕುಗ್ಗುತ್ತದೆ. ಈ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ದೇಹವೇ ನಿರ್ಧರಿಸುತ್ತದೆ. ನೆಲ ಗಟ್ಟಿ ಇದ್ದರೆ ಕಾಲು ಸ್ವಲ್ಪ ಸಡಿಲವಾಗುತ್ತದೆ, ನೆಲ ಮೆತ್ತಗಿದ್ದರೆ ಕಾಲು ಬಿಗಿಯಾಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಶೂ ಕಥೆ ಅರ್ಥ ಆಗಬೇಕಾದರೆ ಇದೊಂದು ನೆನಪಿರಲಿ.

1960ರ ದಶಕದವರೆಗೆ ಓಟದ ಶೂ ಅಂದರೆ ತೆಳು ರಬ್ಬರ್ ಸೋಲು, ಅಷ್ಟೇ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದರು. ಬರಿಗಾಲ ಓಟದ ಬಗ್ಗೆ ಮಾತಾಡುವವರೆಲ್ಲ ಇದನ್ನು ಹೇಳುತ್ತಾರೆ. ಆದರೆ ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು, ಇನ್ನೂ ಕಡಿಮೆ ಸಮಯದಲ್ಲಿ ಮತ್ತೆ ಗೆದ್ದರು ಅನ್ನುವುದನ್ನು ಜಾಸ್ತಿ ಜನ ಹೇಳಲ್ಲ.

ದಪ್ಪ ಹಿಮ್ಮಡಿ ಬಂದದ್ದು ಜನಸಾಮಾನ್ಯರು ಓಡಲು ಶುರು ಮಾಡಿದ ಮೇಲೆ. ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬವರ್‌ಮನ್ 1962ರಲ್ಲಿ ನ್ಯೂಜಿಲೆಂಡಿಗೆ ಹೋಗಿದ್ದಾಗ ಅಲ್ಲಿನ ಕೋಚ್ ಆರ್ಥರ್ ಲಿಡಿಯಾರ್ಡ್ ವಯಸ್ಸಾದವರನ್ನೂ ನಿಧಾನವಾಗಿ ಓಡಿಸುತ್ತಿದ್ದದ್ದನ್ನು ನೋಡಿ, ಊರಿಗೆ ವಾಪಸ್ ಬಂದು ಅದನ್ನೇ ಶುರು ಮಾಡಿದರು. ಇದೇ ಬವರ್‌ಮನ್ 1964ರಲ್ಲಿ ಫಿಲ್ ನೈಟ್ ಜೊತೆ ಸೇರಿ ಕಟ್ಟಿದ ಕಂಪನಿಯೇ ಮುಂದೆ ನೈಕಿ ಆಯಿತು. 1972ರಲ್ಲಿ ಫ್ರಾಂಕ್ ಶಾರ್ಟರ್ ಮ್ಯೂನಿಕ್‌ನಲ್ಲಿ ಮ್ಯಾರಥಾನ್ ಚಿನ್ನ ಗೆದ್ದ ಮೇಲೆ ಅಮೆರಿಕದಲ್ಲಿ ಎಲ್ಲರೂ ರಸ್ತೆಗೆ ಇಳಿದರು. ಅಭ್ಯಾಸ ಇಲ್ಲದ ಕಾಲು, ಗಟ್ಟಿ ರಸ್ತೆ. ಅದಕ್ಕೆ 70ರ ದಶಕದ ನಡುವೆ ಸೋಲಿಗೆ ಇವಿಎ ಅನ್ನುವ ಹಗುರವಾದ, ಮೆತ್ತನೆ ಫೋಮ್ ಬಂತು. ಹಿಮ್ಮಡಿ ಮುಂಗಾಲಿಗಿಂತ 10-12 ಮಿ.ಮೀ. ಎತ್ತರ ಇರುವುದು ಮಾಮೂಲಾಯಿತು. ಈ ಎತ್ತರದಿಂದ ಅಕಿಲಿಸ್‌ಗೆ ಆರಾಮ ಸಿಕ್ಕಿತು. ಹಿಮ್ಮಡಿ ಮೊದಲು ಊರಿ ಓಡುವುದೂ ಸುಲಭವಾಯಿತು. ಆದರೆ ಹಾಗೆ ಓಡಿದಾಗ ಮಂಡಿಗೆ ಕೆಲಸ ಜಾಸ್ತಿ.

80ರ ದಶಕದಲ್ಲಿ ಮಾತು ಪಾದ ಒಳಗೆ ವಾಲುವುದರ ಕಡೆ ತಿರುಗಿತು. ನಿಮ್ಮ ಹಳೆ ಶೂ ಒಂದನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹೆಚ್ಚಿನವರದು ಹಿಮ್ಮಡಿಯ ಹೊರ ಅಂಚು ಸವೆದಿರುತ್ತದೆ. ಪಕ್ಕದಲ್ಲಿ ಫೋಮಿನ ಮೇಲೆ ಅಡ್ಡಡ್ಡ ಸುಕ್ಕು ಬಿದ್ದಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಹೊಸದರಷ್ಟು ಮೇಲೆ ಬರುವುದಿಲ್ಲ. ಹೊರ ಅಂಚು ಸವೆಯುವುದು ದೋಷ ಅಲ್ಲ. ಪಾದ ಹೊರ ಅಂಚಿನಲ್ಲಿ ಇಳಿದು ಒಳಗೆ ಹೊರಳುತ್ತದೆ, ಹೊಡೆತ ಹಂಚಿಕೊಳ್ಳುವ ಅದರ ರೀತಿಯೇ ಅದು. ಈ ಹೊರಳುವಿಕೆಯನ್ನೇ ಕಾಯಿಲೆ ಅಂತ ನೋಡಿ, ಶೂ ಒಳಬದಿಗೆ ಗಟ್ಟಿ ಫೋಮ್ ಇಟ್ಟು ತಡೆಯಲು ಹೊರಟರು. ಒದ್ದೆ ಪಾದದ ಗುರುತು ನೋಡಿ ಶೂ ಕೊಡುವ ಪದ್ಧತಿಯೂ ಬಂತು. ಅಮೆರಿಕದ ಸೇನೆ ಇದನ್ನು ಪರೀಕ್ಷೆ ಮಾಡಿತು. ತರಬೇತಿಗೆ ಸೇರಿದವರಲ್ಲಿ ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ತರಹದ ಶೂ. 2010ರ ಹೊತ್ತಿಗೆ ಫಲಿತಾಂಶ ಹೊರಬಂತು: ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಮ್ಮ ಕಡೆ ಭರ್ತಿಗೆ ಓಡುವ ಹುಡುಗರ ವಯಸ್ಸಿನವರ ಮೇಲೇ ಆದ ಪರೀಕ್ಷೆ ಇದು. ಅಂಗಡಿಯಲ್ಲಿ ಒದ್ದೆ ಪಾದ ಊರಿಸಿ ದುಬಾರಿ ಶೂ ತೋರಿಸಿದರೆ ಇದನ್ನು ನೆನಪು ಮಾಡಿಕೊಳ್ಳಿ.

ಆಮೇಲೆ ಬರಿಗಾಲಿನ ಅಲೆ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ, ಬರಿಗಾಲಲ್ಲಿ ಓಡಿ ಬೆಳೆದವರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ಹಾಗೆ ಊರಿದಾಗ ಹಿಮ್ಮಡಿ ಬಡಿಯುವ ಆ ಮೊದಲ ಏಟು ಇರುವುದಿಲ್ಲ ಅಂತ ತೋರಿಸಿತು. ಬೆರಳು ಬಿಡಿಸಿದ ತೆಳು ಶೂಗಳು ಭರ್ಜರಿಯಾಗಿ ಮಾರಾಟವಾದವು. ಆದರೆ ಮಂಡಿಯಿಂದ ಇಳಿದ ಭಾರ ಮೀನಖಂಡಕ್ಕೆ, ಅಕಿಲಿಸ್‌ಗೆ, ಪಾದದ ಸಣ್ಣ ಮೂಳೆಗಳಿಗೆ ಹೋಯಿತು. ಅವಸರದಲ್ಲಿ ತೆಳು ಶೂಗೆ ಹೋದ ಎಷ್ಟೋ ಜನರ ಪಾದದ ಮೂಳೆಯಲ್ಲಿ ಒತ್ತಡದ ಬಾವು ಎಂಆರ್‌ಐನಲ್ಲಿ ಕಾಣಿಸಿತು. ಉತ್ತರ ಕೆನ್ಯಾದ ದಾಸನಾಚ್ ಜನ ಬರಿಗಾಲಲ್ಲೇ ಬೆಳೆದವರಾದರೂ ನಿಧಾನವಾಗಿ ಓಡುವಾಗ ಹೆಚ್ಚಿನವರು ಹಿಮ್ಮಡಿಯನ್ನೇ ಊರುತ್ತಾರೆ ಅಂತ 2013ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಐದು ಬೆರಳಿನ ಶೂ ಮಾಡುತ್ತಿದ್ದ ವಿಬ್ರಮ್ ಕಂಪನಿ, ಆರೋಗ್ಯಕ್ಕೆ ಒಳ್ಳೆಯದು ಅಂದ ಜಾಹೀರಾತುಗಳ ಮೊಕದ್ದಮೆಯನ್ನು 2014ರಲ್ಲಿ 37.5 ಲಕ್ಷ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು.

ಅಷ್ಟರಲ್ಲಿ ಗಾಳಿ ಪೂರ್ತಿ ಉಲ್ಟಾ ತಿರುಗಿತ್ತು. 2009ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಹೋಕಾ ಅನ್ನುವ ಶೂ ಕಂಪನಿ, ಬೆಟ್ಟ ಇಳಿಯುವವರಿಗೆ ಅಂತಲೇ ದಪ್ಪ ಸೋಲು ತಂದಿತು. ಇಲ್ಲಿ ಸ್ಪ್ರಿಂಗಿನ ಮಾತು ಮತ್ತೆ ಬರುತ್ತದೆ. 2018ರ ಫಿನ್ಲೆಂಡಿನ ಅಧ್ಯಯನದಲ್ಲಿ, ಗಂಟೆಗೆ 14.5 ಕಿ.ಮೀ. ವೇಗದಲ್ಲಿ ದಪ್ಪ ಶೂ ಹಾಕಿದಾಗ ನೆಲಕ್ಕೆ ಬಡಿಯುವ ಏಟು ಮಾಮೂಲಿ ಶೂಗಿಂತ ಶೇ. 10ರಷ್ಟು ಜಾಸ್ತಿಯೇ ಇತ್ತು. ಕೆಳಗೆ ಮೆತ್ತೆ ಇದೆ ಅಂತ ಕಾಲು ಬಿಗಿಯಾಗಿತ್ತು! ಹಾಗಂತ ಮೆತ್ತನೆ ಶೂ ಕೆಟ್ಟದ್ದು ಅಂತ ಹೇಳಲು ಆಗಲ್ಲ. ಲಕ್ಸಂಬರ್ಗ್‌ನಲ್ಲಿ 800ಕ್ಕೂ ಹೆಚ್ಚು ಓಟಗಾರರಿಗೆ ನೋಡಲು ಒಂದೇ ತರಹ ಇರುವ ಗಟ್ಟಿ ಮತ್ತು ಮೆತ್ತನೆ ಶೂ ಕೊಟ್ಟು ನೋಡಿದಾಗ, ಗಟ್ಟಿ ಶೂನವರಿಗೇ ಗಾಯ ಜಾಸ್ತಿ ಆಗಿತ್ತು. ಏಟಿನ ಅಳತೆ ಬೇರೆ, ಗಾಯ ಬೇರೆ.

2017ರಲ್ಲಿ ಬಂದ ಕಾರ್ಬನ್ ಪ್ಲೇಟ್ ಶೂ, ಅಂದರೆ ಸೋಲಿನೊಳಗೆ ಗಟ್ಟಿ ಕಾರ್ಬನ್ ಹಾಳೆ ಇರುವ ಶೂ, ಓಟದ ಶಕ್ತಿಯನ್ನು ಸರಾಸರಿ ಶೇ. 4ರಷ್ಟು ಉಳಿಸುತ್ತದೆ ಅಂತ ಪ್ರಯೋಗದಲ್ಲಿ ಕಂಡಿತು. 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟಕ್ಕೆ ಸೋಲಿನ ದಪ್ಪ 40 ಮಿ.ಮೀ. ದಾಟಬಾರದು ಅಂತ ಮಿತಿ ಹಾಕಿತು. ಕಾರ್ಬನ್ ಶೂ ಪಂದ್ಯಕ್ಕೆ ಸರಿ, ದಿನಾ ಹಾಕಿಕೊಂಡು ಓಡಲು ಅಲ್ಲ. ಇಂಥ ಶೂ ಬಳಸಿದ ಐದು ಜನರಿಗೆ ಪಾದದ ನಡುವಿನ ಮೂಳೆಗೆ ಪೆಟ್ಟಾದದ್ದನ್ನು 2023ರಲ್ಲಿ ವೈದ್ಯರು ವರದಿ ಮಾಡಿದ್ದಾರೆ.

ಇನ್ನು ನಮ್ಮ ಕೊಡಗಿಗೆ ಬರೋಣ. ಇಲ್ಲಿ ಸಮ ರಸ್ತೆ ಸಿಗುವುದೇ ಕಷ್ಟ, ಮನೆಯಿಂದ ಹೊರಟರೆ ಒಂದೋ ಏರು, ಇಲ್ಲ ಇಳಿಜಾರು. 9 ಡಿಗ್ರಿ ಇಳಿಜಾರಿನಲ್ಲಿ ಓಡುವಾಗ ಹಿಮ್ಮಡಿಯ ಏಟು ಸಮನೆಲಕ್ಕಿಂತ ಶೇ. 54ರಷ್ಟು ಜಾಸ್ತಿ ಅಂತ 2005ರ ಒಂದು ಅಧ್ಯಯನ ಅಳೆದಿದೆ. ಯಾವ ಎರಡು ಶೂಗಳ ನಡುವೆಯೂ ಇಷ್ಟು ದೊಡ್ಡ ಅಂತರವನ್ನು ನಾನು ಓದಿಲ್ಲ. ಆದ್ದರಿಂದ ಮಂಡಿ ನೋವು ಇರುವವರು ಮೊದಲು ಇಳಿಜಾರಿನ ಓಟ ಕಡಿಮೆ ಮಾಡಿ, ಶೂ ಆಮೇಲೆ. ಏರು ಹತ್ತುವಾಗ ಏಟು ಕಡಿಮೆ, ಆದರೆ ಮೀನಖಂಡ ಎಳೆಯುತ್ತದೆ. ಅಕಿಲಿಸ್ ನೋವು ಇದ್ದವರು ಹಿಮ್ಮಡಿ ಎತ್ತರ ಇರುವ ಶೂನಲ್ಲೇ ಇರಿ, ಫ್ಲಾಟ್ ಶೂ ಬೇಡ. ಯಾವ ಕಡೆ ಬದಲಾಯಿಸಿದರೂ ವಾರಗಟ್ಟಲೆ ಸಮಯ ತೆಗೆದುಕೊಳ್ಳಿ, ಹಳೆ ಶೂ ಜೊತೆಗೆ ಅದಲು ಬದಲು ಮಾಡಿ ಹಾಕಿ. ಎರಡು ಮೂರು ಜೊತೆ ಶೂ ಬಳಸುವವರಿಗೆ ಗಾಯ ಕಡಿಮೆ ಅಂತ ಲಕ್ಸಂಬರ್ಗ್ ತಂಡವೇ ಇನ್ನೊಂದು ಅಧ್ಯಯನದಲ್ಲಿ ಕಂಡುಕೊಂಡಿದೆ. ನಮ್ಮ ಮಳೆಗಾಲಕ್ಕೂ ಇದು ಅನುಕೂಲ, ಜುಲೈನಲ್ಲಿ ಒಂದು ಜೊತೆ ಒಣಗಲು ಎರಡು ದಿನ ಸಾಲದು. ಒಣಗಲಿ ಅಂತ ಒಲೆ ಮೇಲೆ ಮಾತ್ರ ಇಡಬೇಡಿ. ಬಿಸಿಗೆ ಫೋಮ್ ಕುಗ್ಗುತ್ತದೆ, ಅಂಟು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ ಗಾಳಿಗೆ ಇಟ್ಟು, ಪೇಪರ್ ಒದ್ದೆಯಾದ ಹಾಗೆ ಬದಲಿಸುತ್ತಾ ಇರಿ.